ಹುಮನಾಬಾದಿನ ಹುಲ್ಲಿನ ಕೋರ್ಟು

ಊರಿನಲ್ಲಿ ದನ ಕಾಯುವವರಿದ್ದರು, ಹೊಲ ಕಾಯುವವರಿದ್ದರು. ಹುಲ್ಲು ಕಾಯುವವನು ನನ್ನ ಅಪ್ಪ ಒಬ್ಬನೇ. ಹುಮನಾಬಾದಿನ ಆಫೀಸರರ ಕ್ಲಬ್ಬಿನ ಹಿಂದೆ ಒಂದು ಟೆನಿಸ್ ಕೋರ್ಟಿತ್ತು. ಬಸವಕಲ್ಯಾಣದ ಕ್ಲಬ್ಬಿನಲ್ಲಿದ್ದದ್ದು ಮೊರಂ ಎಂಬ ಗಟ್ಟಿ ಕೆಂಪು ಮಣ್ಣಿನದು, ನಮ್ಮದು ಹುಲ್ಲಿನದು. ನಿಜಾಮರ ಕಾಲದಲ್ಲಿ ಹೈದರಾಬಾದಿನಿಂದ ಬಂದಿದ್ದ ಯಾರೋ ಹುದ್ದೆದಾರರು ಹಟ ಹಿಡಿದು ಮಾಡಿಸಿದ್ದಂತೆ. ಅವರು ಹೋದರು, ಹುಲ್ಲು ಉಳಿಯಿತು, ಅದನ್ನು ಬದುಕಿಸುವ ಕೆಲಸ ಅಪ್ಪನ ಪಾಲಿಗೆ ಬಂತು. ನಾವು ಕ್ಲಬ್ಬಿನ ಹಿಂದಿನ ಎರಡು ಕೋಣೆಗಳಲ್ಲಿ ಇದ್ದೆವು. ಯಾರಾದರೂ ಅಪ್ಪನನ್ನು ಕೇಳಿಕೊಂಡು ಬಂದರೆ ಅವ್ವ, "ಅವ್ರು ಕೋರ್ಟಿನ್ಯಾಗ ಇದ್ದಾರ" ಎನ್ನುತ್ತಿದ್ದಳು. ಹೊಸಬರು ಗಾಬರಿಯಾಗಿ, "ಯಾವ ಕೇಸ್ರಿ ಅಕ್ಕ?" ಎಂದು ಕೇಳುತ್ತಿದ್ದರು.

ನಗುವಂಥ ಮಾತು ಅದೊಂದೇ. ಮಿಕ್ಕಂತೆ ನಮ್ಮ ಮನೆಯಲ್ಲಿ ಅಂಜಿಕೆ ಉಪ್ಪಿನ ಹಾಗೆ ದಿನವೂ ಇತ್ತು. ಕರಕಿ ಹುಲ್ಲಿಗೆ ನೀರು ಕಡಿಮೆಯಾದರೆ ಕೆಂಪಗಾಗುತ್ತದೆ, ಹೆಚ್ಚಾದರೆ ಕೊಳೆಯುತ್ತದೆ. ತಂಪಿಗೆ ಕಪ್ಪೆ ಬರುತ್ತವೆ, ಕಪ್ಪೆಗೆ ಹಾವು ಬರುತ್ತದೆ. ಅಪ್ಪ ಬೆಳಿಗ್ಗೆ ಬರಿಗಾಲಲ್ಲಿ ಹುಲ್ಲಿಗೆ ಇಳಿದು ಒಂದು ಕೋಲಿನಿಂದ ನೆಲ ಬಡಿಯುತ್ತ ಹೋಗುತ್ತಿದ್ದ. ಆ ಸಪ್ಪಳ ನಿಂತರೆ ಅವ್ವ ಒಲೆ ಬಿಟ್ಟು ಬಾಗಿಲಿಗೆ ಬರುತ್ತಿದ್ದಳು. ಆದರೆ ಅವರಿಬ್ಬರೂ ಹಾವಿಗಿಂತ ಹೆಚ್ಚು ಅಂಜುತ್ತಿದ್ದದ್ದು ಸಾಹೇಬರಿಗೆ. ಕ್ಲಬ್ಬಿಗೆ ಪ್ರತಿ ಎರಡು ಮೂರು ವರ್ಷಕ್ಕೆ ಹೊಸ ಸಾಹೇಬರು ಅಧ್ಯಕ್ಷರಾಗಿ ಬರುತ್ತಿದ್ದರು. ಒಬ್ಬರಿಗೆ ಹುಲ್ಲು ಗಿಡ್ಡ ಇರಬೇಕು, ಇನ್ನೊಬ್ಬರಿಗೆ ಮೆತ್ತಗಿರಬೇಕು. "ಇವ್ರು ಹ್ಯಾಂಗೋ ಏನೋ" ಎಂಬ ಮಾತನ್ನು ನಾನು ಮಾತು ಕಲಿತಾಗಿನಿಂದ ಕೇಳಿದ್ದೇನೆ.

ಆ ಕೋರ್ಟಿನಲ್ಲಿ ಪಂದ್ಯಾವಳಿ ಶುರುವಾದದ್ದು ಬೀದರ್ ಜಿಲ್ಲೆ ಹೈದರಾಬಾದನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ. ಆಗ ನನಗೆ ಒಂಬತ್ತು ವರ್ಷ. ಮೈಸೂರು ಕಡೆಯಿಂದ ಹೊಸ ಅಧಿಕಾರಿಗಳು ಬಂದರು. ಅವರ ಕನ್ನಡ ನಮಗೆ ತಿಳಿಯುತ್ತಿರಲಿಲ್ಲ, ನಮ್ಮ ಹಳೆಯ ನೌಕರರ ಉರ್ದು ಅವರಿಗೆ ತಿಳಿಯುತ್ತಿರಲಿಲ್ಲ. ಕ್ಲಬ್ಬಿನಲ್ಲಿ ಎರಡು ಮೇಜು, ಎರಡು ಗುಂಪು. ಆ ಗುಂಪುಗಳನ್ನು ಕೂಡಿಸಿದವರು ಉಸ್ತಾದರು. ಅವರು ಕ್ಲಬ್ಬಿನ ಮಾರ್ಕರ್, ಅಂದರೆ ಸದಸ್ಯರ ಜೊತೆ ಆಡಿ ಅವರಿಗೆ ಆಟ ಕಲಿಸುವವರು. ಬೆಳ್ಳಗಿನ ಗಡ್ಡ, ಇಸ್ತ್ರಿ ಮಾಡಿದ ಪೈಜಾಮ. ಮೈಸೂರು ಕಡೆಯವರಿಗೂ ಉರ್ದು ಮಂದಿಗೂ ಆಟ ಹಚ್ಚಿಕೊಟ್ಟು, ಕಲ್ಯಾಣದ ಕ್ಲಬ್ಬಿನವರನ್ನೂ ಕರೆಸಿದರು. ಮರುವರ್ಷ ಚಿಟಗುಪ್ಪದಿಂದ ಇಬ್ಬರು ಬಂದರು, ಆಮೇಲೆ ಬೀದರಿನಿಂದ, ಗುಲ್ಬರ್ಗಾದಿಂದ. ಪ್ರತಿ ವರ್ಷ ದೀಪಾವಳಿ ಮುಗಿದ ವಾರ, ಮಳೆಗಾಲದ ಹಸಿರು ಇನ್ನೂ ಇರುವಾಗ, ಆರು ದಿನ ಆಟ. ಗೆದ್ದವರಿಗೆ ಎರಡು ಕಿವಿಯ ಒಂದು ಕಪ್ಪು.

ಆ ಆರು ದಿನಗಳ ಮುಂಚಿನ ಒಂದು ತಿಂಗಳು ಅಪ್ಪ ಸರಿಯಾಗಿ ಊಟ ಮಾಡುತ್ತಿರಲಿಲ್ಲ. ಕಲ್ಲಿನ ರೋಲರು ಎಳೆಯುವ ಎತ್ತಿನ ಗೊರಸು ಹುಲ್ಲಿಗೆ ತಾಗಬಾರದೆಂದು ಕಾಲಿಗೆ ಗೋಣಿತಟ್ಟು ಸುತ್ತುತ್ತಿದ್ದ. ಎತ್ತು ಚಪ್ಪಲಿ ಹಾಕಿಕೊಂಡಂತೆ ನಡೆಯುತ್ತಿತ್ತು. ಕೊನೆಗೆ ಗೂಟ ಬಡಿದು ಹುರಿ ಬಿಗಿದು ಸುಣ್ಣದ ಗೆರೆ ಹಾಕುವ ಕೆಲಸ. ಹುರಿಯ ಒಂದು ತುದಿ ಅಪ್ಪನದು, ಇನ್ನೊಂದು ನನ್ನದು. ಹುರಿ ಒಂದಿಷ್ಟು ಸಡಿಲಾದರೂ ಅಪ್ಪ ತಲೆಯೆತ್ತದೆಯೇ, "ಜಗ್ಗಿ ಹಿಡಿ" ಎನ್ನುತ್ತಿದ್ದ. ಹತ್ತು ವರ್ಷ ನಾನು ಆ ಗೆರೆಗಳನ್ನು ಹಾಕಿದ್ದೇನೆ.

ಹತ್ತನೆಯ ವರ್ಷಕ್ಕೆ ನಾನು ಗುಲ್ಬರ್ಗಾದಲ್ಲಿ ಶಿಕ್ಷಕಿಯ ತರಬೇತಿ ಮುಗಿಸಿ ಮನೆಗೆ ಬಂದಿದ್ದೆ. ಕಲ್ಯಾಣದ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ನೌಕರಿ ಸಿಗುವುದಿತ್ತು. ಅದಕ್ಕೆ ಬೇಕಾದ ಕಾಗದಗಳಲ್ಲಿ ಒಂದೇ ಬಾಕಿ, ನಡತೆಯ ಪ್ರಮಾಣಪತ್ರ. ದೊಡ್ಡ ಅಧಿಕಾರಿಯೊಬ್ಬರು, ಈಕೆಯನ್ನು ನಾನು ಬಲ್ಲೆ, ನಡತೆ ಚೆನ್ನಾಗಿದೆ ಎಂದು ಬರೆದು ಸಹಿ ಹಾಕಬೇಕು. ನಮಗೆ ಗೊತ್ತಿದ್ದ ದೊಡ್ಡ ಅಧಿಕಾರಿ ಎಂದರೆ ಕ್ಲಬ್ಬಿನ ಅಧ್ಯಕ್ಷರು. ಅಪ್ಪ ಹಿಂದೆ ಮುಂದೆ ನೋಡಿ, ದೀಪಾವಳಿಗೆ ಮುಂಚೆ ಅವರ ಕಚೇರಿಗೆ ಹೋಗಿ ಕಾಗದ ಕೊಟ್ಟು ಬಂದಿದ್ದ. ಅದು ಅವರ ಮೇಜಿನ ಮೇಲೆ ಇತ್ತು.

ಆ ಸಾಹೇಬರು ಮೈಸೂರು ಕಡೆಯವರು. ಎತ್ತರದ ಆಳು, ಮಾತು ಕಡಿಮೆ. ಕ್ಲಬ್ಬಿಗೆ ಬಂದು ಒಂದು ವರ್ಷವಾಗಿತ್ತು, ಅವರು ನಕ್ಕದ್ದನ್ನು ಯಾರೂ ನೋಡಿರಲಿಲ್ಲ. ಆದರೆ ಆಟ ಬಲವಾಗಿತ್ತು. ಆ ವರ್ಷ ಅವರು ಫೈನಲಿಗೆ ಬಂದರು. ಎದುರಿಗೆ ಕಲ್ಯಾಣದ ಒಬ್ಬ ಉರ್ದು ಶಾಲೆಯ ಮಾಸ್ತರರು, ಸಣಕಲು ಮೈಯವರು, ಮೊರಂ ನೆಲದಲ್ಲಿ ಆಡಿ ಬೆಳೆದವರು.

ಫೈನಲಿನ ದಿನ ಮಧ್ಯಾಹ್ನ ಒಂದು ವಿಚಿತ್ರ ನಡೆಯಿತು. ಗೆರೆ ನೋಡುವವರು ಒಬ್ಬೊಬ್ಬರಾಗಿ ಕಾಣೆಯಾದರು. ಚೆಂಡು ಒಳಗೆ ಬಿತ್ತೋ ಹೊರಗೆ ಬಿತ್ತೋ ಹೇಳುವುದು ಅವರ ಕೆಲಸ. ಪ್ರತಿ ವರ್ಷ ಕಚೇರಿಗಳ ಗುಮಾಸ್ತರೇ ಆ ಸ್ಟೂಲುಗಳ ಮೇಲೆ ಕೂರುತ್ತಿದ್ದರು, ಅದಕ್ಕಾಗಿ ಪೈಪೋಟಿಯೂ ಇರುತ್ತಿತ್ತು. ಈಗ ಒಬ್ಬರಿಗೆ ಹೊಟ್ಟೆನೋವು. ಇನ್ನೊಬ್ಬರ ಮನೆಗೆ ಹುಡಗಿ ಎಂಬ ಪಕ್ಕದ ಊರಿನಿಂದ ಬೀಗರು ಬಂದರು. ಮತ್ತೊಬ್ಬರಿಗೆ ಕಣ್ಣು ಮಂಜು. ಸಾಹೇಬರ ಚೆಂಡನ್ನು ಹೊರಗೆ ಎನ್ನುವ ಧೈರ್ಯ ಯಾರಿಗೂ ಇರಲಿಲ್ಲ. ಒಳಗೆ ಎಂದು ಸುಳ್ಳು ಹೇಳಿದರೆ ಕಲ್ಯಾಣದ ಮಂದಿ ಬಿಡುತ್ತಿರಲಿಲ್ಲ. ಹೇಗೋ ಹಿಡಿದು ತಂದು ಕೂರಿಸಿದರೂ ಒಂದು ಸ್ಟೂಲು ಖಾಲಿ ಉಳಿಯಿತು, ಪೂರ್ವದ ಉದ್ದಗೆರೆಯದು.

ಉಸ್ತಾದರು ನಮ್ಮ ಬಾಗಿಲಿಗೆ ಬಂದರು. ಎತ್ತರದ ಕುರ್ಚಿಯ ಮೇಲೆ ಕೂತು ಆಟ ನಡೆಸುವವರು ಅವರೇ.

"ಬೇಟಿ, ನೀ ಬಾ. ಗೆರಿ ಹಾಕ್ದಾಕಿ ನೀನೇ. ನಿನಗಿಂತ ಛಲೋ ಯಾರಿಗೆ ಗೊತ್ತದ?"

ನಾನು ಬಾಯಿ ತೆರೆಯುವ ಮುಂಚೆ ಅವ್ವ ನಡುವೆ ಬಂದಳು. "ಬ್ಯಾಡ್ರಿ ಉಸ್ತಾದ್ರ, ಮದುವಿ ಆಗೋ ಪೋರಿ. ಅಷ್ಟ್ ಗಂಡಸರ ನಡುವ ಹ್ಯಾಂಗ ಕೂಡ್ತಾಳ್ರಿ?"

ಅಪ್ಪ ಸುಣ್ಣದ ಬಕೀಟು ತೊಳೆಯುತ್ತಿದ್ದವನು ತಿರುಗಲಿಲ್ಲ. "ಆಕಿ ಕಾಗದ ಸಾಹೇಬ್ರ ಮೇಜಿನ ಮ್ಯಾಲ ಅದ" ಎಂದಷ್ಟೇ ಹೇಳಿದ.

ಉಸ್ತಾದರು ಬಾಗಿಲ ಚೌಕಟ್ಟು ಹಿಡಿದು ದನಿ ತಗ್ಗಿಸಿದರು. "ಗೆರಿಯವ್ರು ಇಲ್ದ ಆಟ ಆದ್ರ ಕಲ್ಯಾಣದವ್ರು ಎದ್ದು ಹೋಗ್ತಾರ. ಇಷ್ಟು ವರ್ಷ ನಡದದ್ದು ಇವತ್ತಿಗೆ ಮುಗೀತದ. ನನಗೂ ಅಂಜಿಕಿ ಅದ. ನಾನೇನು ಸಾಹೇಬ್ರ ಮಾವ ಅಲ್ಲ."

ಅವರು ಅಂಜಿಕೆ ಎಂದದ್ದಕ್ಕೇ ನಾನು ಹೋದೆ ಎಂದು ಈಗ ಅನ್ನಿಸುತ್ತದೆ. ಧೈರ್ಯ ಹೇಳಿದ್ದರೆ ಹೋಗುತ್ತಿರಲಿಲ್ಲ.

ತಲೆಯ ಮೇಲೆ ಸೆರಗು ಹೊದ್ದು ಸ್ಟೂಲಿನ ಮೇಲೆ ಕೂತೆ. ನನ್ನ ಎದುರಿಗೆ ಗೆರೆ ನೆಟ್ಟಗೆ ಓಡಿತ್ತು. ಸುತ್ತ ಜನ, ಶಾಮಿಯಾನದ ಕೆಳಗೆ ದೊಡ್ಡವರು, ಬೇಲಿಯ ಆಚೆ ಊರಿನವರು. ಒಬ್ಬನು, "ಮಾಲಿ ಮಗಳು" ಎಂದದ್ದು ಕೇಳಿಸಿತು. ಮೊದಲ ಸೆಟ್ಟು ಪೂರ್ತಿ ನಾನು ಗೆರೆಯೊಂದನ್ನು ಬಿಟ್ಟು ಏನನ್ನೂ ನೋಡಲಿಲ್ಲ. ಬಿಳಿ ಚೆಂಡು ಬರುವುದು, ಗೆರೆಯ ಒಳಗೆ ಬೀಳುವುದು, ಹೋಗುವುದು. ನನಗೆ ಕೆಲಸವೇ ಬೀಳಲಿಲ್ಲ. ಪ್ರತಿ ಚೆಂಡಿಗೂ, ಒಳಗೇ ಬೀಳಲಿ ದೇವರೇ, ಎಂದುಕೊಳ್ಳುತ್ತಿದ್ದೆ.

ಮೊದಲ ಸೆಟ್ಟು ಸಾಹೇಬರಿಗೆ, ಎರಡನೆಯದು ಮಾಸ್ತರರಿಗೆ. ಮೂರನೆಯದರಲ್ಲಿ ಮಾಸ್ತರರು ಮುಂದೆ ಹೋದರು. ಇನ್ನೊಂದು ಪಾಯಿಂಟು ಬಂದರೆ ಕಪ್ಪು ಕಲ್ಯಾಣಕ್ಕೆ. ಬೇಲಿಯಾಚೆಯ ಗದ್ದಲ ಒಮ್ಮೆಲೇ ನಿಂತಿತು. ಸಾಹೇಬರು ಓಡಿ ಬಂದು ಜೋರಾಗಿ ಬೀಸಿದರು. ಚೆಂಡು ನೆಟ್ಟಗೆ ನನ್ನ ಗೆರೆಯ ಗುಂಟ ಬಂತು. ಬಿತ್ತು. ಗೆರೆಗೂ ಅದರ ಹೊರಗೆ ಬಿದ್ದ ಚೆಂಡಿಗೂ ನಡುವೆ ಎರಡು ಬೆರಳಷ್ಟು ಹಸಿರು ಕಂಡಿತು.

ಕೈ ಮೊದಲು ಮೇಲೆದ್ದಿತು, ಮಾತು ಆಮೇಲೆ ಬಂತು. "ಔಟ್."

ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಮಾಸ್ತರರು ಕೂಡ ನಿಂತಲ್ಲೇ ನಿಂತರು. ಸಾಹೇಬರು ರಾಕೆಟ್ಟು ಕೆಳಗೆ ಬಿಟ್ಟು ನನ್ನ ಕಡೆ ನೋಡಿದರು. ಶಾಮಿಯಾನದಿಂದ ಕ್ಲಬ್ಬಿನ ಕಾರ್ಯದರ್ಶಿ ಎದ್ದು ಬಂದರು. ಅವರು ಸಾಹೇಬರ ಕಚೇರಿಯಲ್ಲೇ ಹಿರಿಯ ಗುಮಾಸ್ತರು.

"ಸುಣ್ಣ ಹಾರಿದ್ದು ನಾ ನೋಡೇನಿ" ಎಂದರು. ಚೆಂಡು ಗೆರೆಗೆ ತಾಗಿದರೆ ಸುಣ್ಣ ಪುಡಿಯಾಗಿ ಹಾರುತ್ತದೆ. "ಈ ಪೋರಿಗೆ ಏನ್ ತಿಳಿತದ?"

ಉಸ್ತಾದರು ಕುರ್ಚಿಯಿಂದಲೇ ಕೇಳಿದರು. "ಬೇಟಿ, ಇನ್ನೊಮ್ಮಿ ಹೇಳು."

ಆಗ ನನಗೆ ನಿಜವಾದ ಭಯವಾಯಿತು, ಏಕೆಂದರೆ ಕಂಡದ್ದೇ ಮಸುಕಾಗತೊಡಗಿತು. ಎರಡು ಬೆರಳೋ, ಒಂದೋ? ಸುಣ್ಣ ಹಾರಿತ್ತೋ ಏನೋ? ಅಷ್ಟು ಜನ ನೋಡುತ್ತಿರುವಾಗ ಕಣ್ಣನ್ನು ನಂಬುವುದು ಕಷ್ಟ. ಆದರೂ, "ಔಟ್ ರೀ" ಎಂದೆ.

ಕಾರ್ಯದರ್ಶಿ ಸುತ್ತ ನೋಡಿದರು. ಬೇಲಿಯ ಹತ್ತಿರ ಅಪ್ಪ ನಿಂತಿದ್ದ. "ಮಾಲಿ, ಇಲ್ಲಿ ಬಾ. ಗೆರಿ ನೀನೇ ಹಾಕಿದ್ದಿ. ಸುಣ್ಣ ಹಾರೇದೋ ಇಲ್ಲೋ ನೋಡಿ ಹೇಳು."

ಅಪ್ಪ ಬಂದ. ನನ್ನ ಮುಖ ನೋಡಲಿಲ್ಲ. ಚೆಂಡು ಬಿದ್ದ ಕಡೆ ಮೊಣಕಾಲೂರಿದ. ಕೆಳಗೆ ಬಗ್ಗಿ, ಕೆನ್ನೆ ಹುಲ್ಲಿಗೆ ತಾಗುವಷ್ಟು ಬಗ್ಗಿ, ಗೆರೆಯ ಗುಂಟ ನೋಡಿದ. ಅವನ ಬೆನ್ನಿನ ಮೇಲೆ ಅಂಗಿ ನಡುಗುತ್ತಿದ್ದದ್ದು ನನಗೆ ಕಾಣುತ್ತಿತ್ತು. ಕಾರ್ಯದರ್ಶಿ ಮೆಲ್ಲಗೆ, "ವಿಚಾರ ಮಾಡಿ ಹೇಳು" ಎಂದರು. ನಾನು ಮನಸ್ಸಿನಲ್ಲಿ, ಹಾರೇದ ಅನ್ನು ಅಪ್ಪ, ನನ್ನ ಮಾತು ಹೋದರೆ ಹೋಗಲಿ, ಅನ್ನು, ಎಂದು ಬೇಡಿಕೊಳ್ಳುತ್ತಿದ್ದೆ. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಹಾಗೆ ಬೇಡಿಕೊಂಡೆ.

ಅಪ್ಪ ಎದ್ದು, ತಲೆಯ ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಸುಣ್ಣ ಹಾಂಗೇ ಅದರಿ" ಎಂದ. "ಎಲ್ಲೂ ಮುರದಿಲ್ರಿ."

ಸಾಹೇಬರು ಏನೂ ಹೇಳದೆ ನೆಟ್ಟಿನ ಹತ್ತಿರ ಹೋಗಿ ಮಾಸ್ತರರ ಕೈ ಕುಲುಕಿದರು. ಆಗ ಬೇಲಿಯಾಚೆ ಕಲ್ಯಾಣದ ಮಂದಿ ಕೂಗತೊಡಗಿದರು. ಅಪ್ಪ ನೇರವಾಗಿ ಮನೆಗೆ ಹೋಗಿ ನೀರು ಕುಡಿದು, ಗೋಡೆಗೆ ಮುಖ ಮಾಡಿ ಮಲಗಿದ. ಹೊರಗೆ ಕಪ್ಪು ಕೊಡುತ್ತಿದ್ದ ಸದ್ದು ಕೇಳುತ್ತಿತ್ತು. ಅವ್ವ ನನ್ನನ್ನು ಬೈಯಲಿಲ್ಲ. ಪಾತ್ರೆಗಳನ್ನು ಒಂದೊಂದಾಗಿ ಒರೆಸಿ ಒಂದು ಕಡೆ ಪೇರಿಸುತ್ತಿದ್ದಳು, ನಾಳೆಯೇ ಮನೆ ಬಿಡುವವರ ಹಾಗೆ.

ಎರಡು ದಿನ ಬಿಟ್ಟು ನಾನು ಪ್ರಮಾಣಪತ್ರಕ್ಕೆಂದು ಕಚೇರಿಗೆ ಹೋದೆ. ಅಪ್ಪ ಬರುತ್ತೇನೆ ಎಂದ, ನಾನೇ ಬೇಡ ಎಂದೆ. ಹತ್ತು ಗಂಟೆಗೆ ಹೋದವಳನ್ನು ಬೆಂಚಿನ ಮೇಲೆ ಕೂರಿಸಿದರು. ಹನ್ನೆರಡಾಯಿತು, ಎರಡಾಯಿತು. ಗುಮಾಸ್ತರು ಹೋಗುತ್ತ ಬರುತ್ತ ನನ್ನನ್ನು ನೋಡದ ಹಾಗೆ ನೋಡುತ್ತಿದ್ದರು. ಮೂರು ಗಂಟೆಗೆ ಜವಾನ ಒಳಗೆ ಕರೆದ.

ಸಾಹೇಬರು ನನ್ನ ಕಾಗದವನ್ನೇ ಮುಂದಿಟ್ಟುಕೊಂಡಿದ್ದರು. ತಲೆ ಎತ್ತದೆ ಕೇಳಿದರು. "ಮೊನ್ನೆ ಗೆರೆ ಹತ್ರ ಕೂತಿದ್ದು ನೀನೇ ಅಲ್ವಾ?"

"ಹೌದ್ರಿ."

"ಹೆದರಿಕೆ ಆಗ್ಲಿಲ್ವಾ?"

"ಆಗಿತ್ರಿ. ಈಗೂ ಆಗಾಕತ್ತದರಿ."

ಅವರು ಕಾಗದ ತಿರುಗಿಸಿದರು. "ಇದರಲ್ಲಿ ನಿನ್ನನ್ನ ನಾನು ಎಷ್ಟು ದಿನದಿಂದ ಬಲ್ಲೆ ಅಂತ ಬರೀಬೇಕು. ಎಷ್ಟು ದಿನ ಅಂತ ಬರೀಲಿ?"

"ಮೊನ್ನಿಯಿಂದ್ರಿ" ಎಂದುಬಿಟ್ಟೆ.

ಅವರು ಪೆನ್ನು ಹಿಡಿದು ಸ್ವಲ್ಪ ಹೊತ್ತು ನನ್ನನ್ನು ನೋಡಿದರು. ಸಿಟ್ಟೋ, ನಗೆಯೋ, ಏನೂ ತಿಳಿಯದ ಮುಖ. ಬರೆದರು, ಸಹಿ ಮಾಡಿದರು, ಮುದ್ರೆ ಒತ್ತಿಸಿಕೋ ಎಂದು ಜವಾನನ ಕಡೆ ಕೈ ತೋರಿಸಿದರು. ಹೊರಗೆ ಬಂದು ಬೇವಿನ ಮರದ ಕೆಳಗೆ ನಿಂತು ಓದಿದೆ. ಒಂದು ವರ್ಷದಿಂದ ಬಲ್ಲೆ, ನಡತೆ ಉತ್ತಮ ಎಂದಿತ್ತು. ಅಲ್ಲೇ ಕಟ್ಟೆಯ ಮೇಲೆ ಕೂತು ಮತ್ತೊಮ್ಮೆ ಓದಿದೆ. ಮನೆಗೆ ಹೋಗಿ ತೋರಿಸಿದಾಗ ಅವ್ವ ಪೇರಿಸಿಟ್ಟ ಪಾತ್ರೆಗಳನ್ನು ಮತ್ತೆ ಹರಡಿದಳು.

ಅವಳು ಹರಡಿದ್ದು ತಪ್ಪಾಯಿತು. ಒಂದು ತಿಂಗಳು ಕಳೆಯಿತು. ನಾನು ಕಲ್ಯಾಣದ ಶಾಲೆಗೆ ಸೇರಿ, ಭಾನುವಾರ ಊರಿಗೆ ಬಂದಿದ್ದೆ. ಕಾರ್ಯದರ್ಶಿ ನಮ್ಮ ಅಂಗಳಕ್ಕೆ ಬಂದರು. ಕೂಡ್ರಿ ಎಂದರೂ ಕೂಡಲಿಲ್ಲ. ಕಮಿಟಿ ಸೇರಿ ತೀರ್ಮಾನ ಮಾಡಿದೆ, ಹುಲ್ಲಿಗೆ ನೀರು ಬಹಳ ಹೋಗುತ್ತದೆ, ಅದನ್ನು ತೆಗೆದು ಮೊರಂ ಹಾಕಿಸುತ್ತಾರೆ, ಮಾಲಿ ಬೇಕಾಗುವುದಿಲ್ಲ, ಕೋಣೆಗಳೂ ಖಾಲಿಯಾಗಬೇಕು. ಇಷ್ಟನ್ನು ಅವರು ನೆಲ ನೋಡುತ್ತ ಹೇಳಿದರು.

ಅಪ್ಪ, "ಸಾಹೇಬ್ರು ಹೇಳ್ಯಾರೇನ್ರಿ?" ಎಂದು ಕೇಳಿದ.

"ಕಮಿಟಿ ಹೇಳ್ಯಾದ" ಎಂದು ಅವರು ಹೊರಟುಹೋದರು.

ಅಪ್ಪ ಹುಲ್ಲನ್ನು ಹಾಗೇ ಬಿಟ್ಟು ಬರಲಿಲ್ಲ. ಕರಕಿಯ ಬೇರುಗಳನ್ನು ಮಣ್ಣಿನ ಸಮೇತ ಕಿತ್ತು ಎರಡು ಗೋಣಿಚೀಲ ತುಂಬಿಕೊಂಡ. ಚಕ್ಕಡಿಯಲ್ಲಿ ನಮ್ಮ ಟ್ರಂಕು, ಪಾತ್ರೆ, ಅವುಗಳ ಮೇಲೆ ಹುಲ್ಲಿನ ಚೀಲ. ಹುಡಗಿ ಊರಿನಲ್ಲಿದ್ದ ಸೋದರಮಾವನ ಮನೆಗೆ ಹೋದೆವು. ಅಪ್ಪ ಅಲ್ಲಿ ಹಿತ್ತಲಿನ ಒಂದು ಮೂಲೆಯಲ್ಲಿ ಆ ಬೇರುಗಳನ್ನು ಊರಿ ನೀರು ಹಾಕುತ್ತಿದ್ದ. ಮಾವನ ಆಕಳು ಅದನ್ನು ಮೇಯದ ಹಾಗೆ ಮುಳ್ಳು ಹಚ್ಚಿದ್ದ. ಮಾವ ಅವ್ವನಿಗೆ, "ಭಾವನ ತಲಿ ಸರಿ ಅದನು?" ಎಂದು ಕೇಳಿದ್ದನಂತೆ.

ಹುಮನಾಬಾದಿನಲ್ಲಿ ಮೊರಂ ಹಾಕಿದರು. ಮುಂದಿನ ದೀಪಾವಳಿಗೆ ಆಟ ನಡೆಯಲಿಲ್ಲ. ಸಾಹೇಬರಿಗೆ ಅಷ್ಟರಲ್ಲಿ ವರ್ಗವಾಗಿತ್ತು. ಕಪ್ಪು ತಮ್ಮದೇ ಎಂದು ಹುಮನಾಬಾದಿನ ಕ್ಲಬ್ಬಿನವರು ಕಲ್ಯಾಣದಿಂದ ಅದನ್ನು ವಾಪಸು ತರಿಸಿಕೊಂಡರು.

ಒಂದು ದಿನ ಕಲ್ಯಾಣದ ಮಾಸ್ತರರು ಬಸ್ಸು ಹತ್ತಿ ಹುಡಗಿ ಊರಿಗೆ ಬಂದರು. ಅಪ್ಪನ ಎದುರು ಕೂತು ಬಹಳ ಹೊತ್ತು ಕೈ ಹೊಸೆದರು. "ನಾ ಗೆದ್ದದ್ದಕ್ಕ ನಿಮಗ ಹಿಂಗಾತು ಅಂತ ನಿದ್ದಿ ಹತ್ತವಲ್ದು. ನಮ್ಮೂರಾಗ ಒಬ್ರು ಬಟ್ಟಿ-ಅರಿವಿ ವ್ಯಾಪಾರಸ್ಥರು ಇದ್ದಾರ. ಅವ್ರಿಗೂ ಆಟದ ಶೋಕಿ. ಬಾವಿ ಪಕ್ಕದ ಜಾಗಾ ಕೊಡ್ತೀನಿ ಅಂತಾರ. ಹುಲ್ಲು ಹಚ್ಚತೀರೇನ್ರಿ?"

ಅಪ್ಪ ತಕ್ಷಣ ಒಪ್ಪಲಿಲ್ಲ. ಮತ್ತೆ ಸಾಹೇಬರು, ಮತ್ತೆ ಕಮಿಟಿ. ಅವನಿಗೆ ಬೇಡವಾಗಿತ್ತು. ಆದರೆ ಹಿತ್ತಲಿನ ಬೇರುಗಳು ಚಿಗುರಿದ್ದವು. ನಾನು ಕಲ್ಯಾಣದಲ್ಲೇ ಒಂದು ಕೋಣೆ ಹಿಡಿದು ಒಬ್ಬಳೇ ಇದ್ದೆ. ಅವ್ವ, "ಮಗಳ ಹಂತ್ಯಾಕ ಆದ್ರೂ ಹೋಗೂಣು" ಎಂದಳು.

ವ್ಯಾಪಾರಸ್ಥರು ಬಾವಿಯ ಪಕ್ಕದಲ್ಲೇ ಇರಲು ಮನೆ ಕೊಟ್ಟರು. ಕಲ್ಯಾಣದ ಕೋರ್ಟು ಆಡುವ ಹಾಗಾಗಲು ಎರಡು ವರ್ಷ ಹಿಡಿಯಿತು. ಮೂರು ದೀಪಾವಳಿ ಅಲ್ಲಿ ಆಟ ನಡೆಯಿತು. ಕಪ್ಪಿನ ಬದಲು ಗೆದ್ದವರಿಗೆ ಒಂದು ಹಿತ್ತಾಳೆಯ ಚೊಂಬು. ಉಸ್ತಾದರು ಪ್ರತಿ ವರ್ಷ ಹುಮನಾಬಾದಿನಿಂದ ಬಂದು ಎತ್ತರದ ಕುರ್ಚಿ ಹತ್ತುತ್ತಿದ್ದರು. ಮೂರನೆಯ ವರ್ಷ ಹತ್ತಲಾರದೆ ಕೆಳಗೇ ನಿಂತು ಆಟ ನಡೆಸಿದರು. ಮರುವರ್ಷ ಅವರು ತೀರಿಕೊಂಡ ಸುದ್ದಿ ಬಂತು. ಆ ಮೂರು ವರ್ಷವೂ ಮಾಸ್ತರರು ನನ್ನನ್ನು ಗೆರೆ ನೋಡಲು ಕರೆಯುತ್ತಿದ್ದರು. ಒಮ್ಮೆಯೂ ಹೋಗಲಿಲ್ಲ. ಆಟದ ದಿನಗಳಲ್ಲಿ ನಾನು ಏನಾದರೊಂದು ನೆಪ ಹೇಳಿ ಶಾಲೆಯಲ್ಲೇ ಉಳಿಯುತ್ತಿದ್ದೆ. ದೂರದಿಂದ ಚಪ್ಪಾಳೆ ಕೇಳಿದರೆ ಕಿಟಕಿ ಮುಚ್ಚುತ್ತಿದ್ದೆ.

ಆಮೇಲೆ ಮಳೆ ಕೈಕೊಟ್ಟ ವರ್ಷ ಬಂತು. ದೀಪಾವಳಿಗೆ ಮೊದಲೇ ಊರಿನ ಬಾವಿಗಳಲ್ಲಿ ಕೆಸರು ಮಾತ್ರ ಉಳಿದಿತ್ತು. ಕೋರ್ಟಿನ ಸುತ್ತಲ ಓಣಿಗಳಲ್ಲಿ ನೀರಿದ್ದ ಬಾವಿ ವ್ಯಾಪಾರಸ್ಥರದು ಒಂದೇ. ಅದಕ್ಕೆ ಪಂಪು ಹಾಕಿಸಿದ್ದರು. ಅಪ್ಪ ರಬ್ಬರಿನ ಪೈಪು ಹಿಡಿದು ದಿನಕ್ಕೆರಡು ಸಲ ಹುಲ್ಲಿಗೆ ನೀರು ಬಿಡುತ್ತಿದ್ದ. ನಾನು ಹೇಳಿದೆ, "ಅಪ್ಪ, ಮಂದಿ ನೋಡ್ತಾರ." ಅವನು, "ಮಾಲಕರು ಬಿಡು ಅಂದಾರ, ಬಿಡಾಕತ್ತೇನಿ" ಎಂದ. ಅವನ ಮುಖ ಮಾತ್ರ ಬೇರೆ ಹೇಳುತ್ತಿತ್ತು.

ಒಂದು ಮಧ್ಯಾಹ್ನ ನಾನು ಪಾಠ ಮಾಡುತ್ತಿದ್ದಾಗ ಆ ಓಣಿಯ ಒಬ್ಬ ಹುಡುಗಿ ಎದ್ದು ನಿಂತಳು. ಮನೆಗೆ ಊಟಕ್ಕೆ ಹೋಗಿ ಆಗಷ್ಟೇ ಬಂದಿದ್ದಳು. "ಬಾಯಾರ, ನಿಮ್ಮಪ್ಪನ ಸುತ್ತ ಹೆಣ್ಮಕ್ಕಳು ಕೂಡ್ಯಾರ್ರಿ. ಬೈಯಾಕತ್ತಾರ್ರಿ."

ಸೀಮೆಸುಣ್ಣ ಕೈಯಲ್ಲೇ ಇತ್ತು, ಓಡಿದೆ. ಶಾಲೆಯ ಬಾಯಾರು, ಅಂದರೆ ಶಿಕ್ಷಕಿ, ಬೀದಿಯಲ್ಲಿ ಓಡುವುದನ್ನು ಜನ ಅಂಗಡಿಯಿಂದ ಇಣುಕಿ ನೋಡುತ್ತಿದ್ದರು. ಹೊಡೆದಿರುತ್ತಾರೆ, ಕೆಡವಿರುತ್ತಾರೆ, ಇನ್ನು ನಾನು ಹೋಗಿ ಏನು ಮಾಡಲಿ, ಇದೇ ತಲೆಯಲ್ಲಿ.

ಕೋರ್ಟಿನ ತುಂಬ ಹೆಣ್ಣುಮಕ್ಕಳು. ಐವತ್ತಕ್ಕೆ ಕಡಿಮೆ ಇರಲಿಲ್ಲ. ತಲೆಯ ಮೇಲೆ, ಕಂಕುಳಲ್ಲಿ ಖಾಲಿ ಕೊಡ. ಬುರ್ಖಾದವರೂ ಇದ್ದರು, ಕಾಸೆ ಸೀರೆಯವರೂ ಇದ್ದರು. ನಡುವೆ ಅಪ್ಪ, ಪೈಪಿನಿಂದ ನೀರು ಇನ್ನೂ ಹುಲ್ಲಿಗೆ ಹರಿಯುತ್ತಿತ್ತು. ಒಬ್ಬ ಮುದುಕಿ ಅವನ ಮುಂದೆ ತನ್ನ ಕೊಡವನ್ನು ನೆಲಕ್ಕೆ ಕುಕ್ಕಿದಳು.

"ಹುಲ್ಲಿಗೆ ನೀರಡಿಕಿ ಆಗ್ಯಾದೇನೋ ಮಗನ? ನನ್ನ ಮೊಮ್ಮಗಳಿಗಿ ಆಗ್ಯಾದ. ಆಕಿ ಬಾಯಾಗ ಹುಲ್ಲು ಇಡ್ಲೇನು?"

ಹಿಂದಿನಿಂದ ಯಾರೋ, "ಪೈಪ್ ಕಸ್ಕೊಳ್ರೇ" ಎಂದು ಕೂಗಿದರು. ಗುಂಪು ಮುಂದಕ್ಕೆ ಬಂತು. ನಾನು ದಾರಿ ಮಾಡಿಕೊಂಡು ಒಳಗೆ ನುಗ್ಗಿ ಅಪ್ಪನ ತೋಳು ಹಿಡಿದೆ. ಅವನಿಗೆ ಆಗ ಅರವತ್ತರ ಹತ್ತಿರ. ಈ ನೀರನ್ನು ಬೇರೆಯವರಿಗೆ ಬಿಡಲು ಅವನಿಗೆ ಯಾರೂ ಹೇಳಿರಲಿಲ್ಲ. ಬಿಟ್ಟರೆ ಮತ್ತೊಮ್ಮೆ ಮನೆ, ಕೆಲಸ ಎರಡೂ ಹೋಗಬಹುದಿತ್ತು. ಬಿಡದಿದ್ದರೆ ಏನಾಗುತ್ತದೆ ಎಂಬುದು ಎದುರಿಗೇ ನಿಂತಿತ್ತು.

ಅಪ್ಪ ಪೈಪನ್ನು ಹುಲ್ಲಿನಿಂದ ಎತ್ತಿ ಮುದುಕಿಯ ಕೊಡಕ್ಕೆ ಇಟ್ಟ.

"ಸಾಲು ಹಚ್ಚರಿ" ಎಂದ. "ನೂಕಬ್ಯಾಡ್ರಿ. ಹಸಿ ಅದ, ಕಾಲು ಜಾರ್ತಾವ. ಎಲ್ಲರಿಗೂ ಸಿಗ್ತದ."

ನಾನು ಕೊನೆಯ ಕೊಡದ ತನಕ ಸಾಲು ನೋಡಿಕೊಂಡು ಅಲ್ಲೇ ನಿಂತೆ. ಸಂಜೆ ವ್ಯಾಪಾರಸ್ಥರು ಬಂದರು. ಅವರು ತುಳಿದ ಹುಲ್ಲನ್ನು ನೋಡಿದರು, ಸಾಲನ್ನು ನೋಡಿದರು. ಆ ಸಾಲಿನಲ್ಲಿ ಅವರ ಅಂಗಡಿಯ ಗಿರಾಕಿಗಳೇ ಅರ್ಧ. "ಕೇಳಿ ಬಿಡಬೇಕಿತ್ತು" ಎಂದರು. ಹೊರಡುವಾಗ ತಿರುಗಿ, "ನಾಳಿ ಮುಂಜಾನಿ ಪಂಪ್ ಲಗೂ ಚಾಲೂ ಮಾಡು" ಎಂದು ಹೇಳಿ ಹೋದರು.

ಹದಿನೈದು ದಿನದಲ್ಲಿ ಹುಲ್ಲು ಕಂದಿ, ಪುಡಿಯಾಗಿ, ಗಾಳಿಗೆ ಹಾರಿತು. ಅಪ್ಪ ಅದರ ಮೇಲೆಯೇ ನಿಂತು ಕೊಡ ತುಂಬಿಸುತ್ತಿದ್ದ. ಆ ದೀಪಾವಳಿಗೆ ಆಟ ನಡೆಯಲಿಲ್ಲ, ಮುಂದೆ ಯಾವ ದೀಪಾವಳಿಗೂ ನಡೆಯಲಿಲ್ಲ. ಮಾಸ್ತರರಿಗೆ ದೂರದ ಊರಿಗೆ ವರ್ಗವಾಯಿತು. ಆ ಜಾಗದಲ್ಲಿ ಈಗ ಮನೆಗಳಿವೆ. ಹುಮನಾಬಾದಿನದು ಗೋದಾಮಾಯಿತು. ಪಂದ್ಯಾವಳಿಯ ರಿಜಿಸ್ಟರು ಎಲ್ಲಾದರೂ ಇರಬಹುದೆಂದು ಒಮ್ಮೆ ವಿಚಾರಿಸಿದೆ. ಅಂಥದೊಂದು ಆಟ ಇತ್ತೆಂಬುದೇ ಅಲ್ಲಿನವರಿಗೆ ಗೊತ್ತಿರಲಿಲ್ಲ.

ಎಂಬತ್ತರ ದಶಕದಲ್ಲಿ ನಾನು ಮಂಠಾಳದ ಒಂದು ಶಾಲೆಯಲ್ಲಿ ಮುಖ್ಯೋಪಾಧ್ಯಾಯಿನಿ. ಅವ್ವ ಇರಲಿಲ್ಲ, ಅಪ್ಪ ನನ್ನ ಜೊತೆಗಿದ್ದ. ಒಂದು ದಿನ ಮಂಠಾಳದಲ್ಲೇ ಇದ್ದ ಮೊಮ್ಮಗಳನ್ನು ಶಾಲೆಗೆ ಸೇರಿಸಲು ಬೇರೆ ಊರಿನಿಂದ ಒಬ್ಬ ವಯಸ್ಸಾದವರು ಬಂದರು. ಫಾರಂ ತುಂಬಿ ಕೊಡುವಾಗ ನೆಲ ನೋಡುತ್ತ ಮಾತಾಡಿದ ರೀತಿಗೇ ಗುರುತು ಸಿಕ್ಕಿತು. ಹುಮನಾಬಾದಿನ ಆ ಕಾರ್ಯದರ್ಶಿ. ಅವರಿಗೂ ನನ್ನ ಗುರುತು ಸಿಕ್ಕಿತು. ಕನ್ನಡಕ ತೆಗೆದು ಒರೆಸಿದರು.

"ನಿಮಗೊಂದು ಹೇಳಬೇಕ್ರಿ ಬಾಯಾರ. ಸಾಹೇಬ್ರು ನಿಮ್ಮಪ್ಪನ್ನ ತಗೀರಿ ಅಂತ ಹೇಳೇ ಇರಲಿಲ್ಲ. ಒಂದು ಮಾತೂ ಆಡಿರಲಿಲ್ಲ. ಅವ್ರು ಸುಮ್ಮ ಇದ್ದದ್ದಕ್ಕೇ ನಮಗ ಅಂಜಿಕಿ ಆತು. ಸಿಟ್ಟಿಗೆ ಬಂದಾರ, ಅವ್ರು ಹೇಳೋಕ್ಕಿಂತ ಮೊದಲ ನಾವೇ ಮಾಡಿ ಬಿಡೂಣು ಅಂದ್ವಿ. ಆಮ್ಯಾಲ ಅವ್ರು ವರ್ಗ ಆಗಿ ಹೋಗೂ ಮುಂದ, ಹುಲ್ಲು ಯಾಕ ತಗದ್ರಿ ಅಂತ ಕೇಳಿದ್ರು. ನಾನು ನೀರಿಲ್ರಿ ಅಂದೆ."

ನನ್ನ ಕೈಯಲ್ಲಿದ್ದ ಮುದ್ರೆ ಕೈಯಲ್ಲೇ ಉಳಿಯಿತು. ಇಪ್ಪತ್ತು ವರ್ಷ ನಾನು ಒಬ್ಬ ಮನುಷ್ಯನ ಮುಖವನ್ನು ನೆನೆದು ಅಂಜಿದ್ದೆ, ಒಳಗೊಳಗೇ ಶಪಿಸಿದ್ದೆ. ಎದುರಿಗಿದ್ದವರ ಮೇಲೆ ಸಿಟ್ಟು ಬರಬೇಕಿತ್ತು. ಅವರು ಕುರ್ಚಿಯ ತುದಿಯಲ್ಲಿ ಕೂತಿದ್ದರು. ಮೊಮ್ಮಗಳಿಗೆ ಜಾಗ ಇಲ್ಲ ಎಂದುಬಿಡುತ್ತೇನೆಂದು ಅಂಜಿದ್ದಾರೆ ಎಂಬುದು ಆಮೇಲೆ ಹೊಳೆಯಿತು. ಫಾರಂ ಮೇಲೆ ಮುದ್ರೆ ಒತ್ತಿ, ಹುಡುಗಿಯನ್ನು ತರಗತಿಗೆ ಕಳಿಸಿದೆ.

ಸಂಜೆ ಮನೆಗೆ ಹೋದಾಗ ಅಪ್ಪ ಮೊರ ಮುಂದಿಟ್ಟುಕೊಂಡು ಮೆಣಸಿನಕಾಯಿಯ ತೊಟ್ಟು ಮುರಿಯುತ್ತ ಪಡಸಾಲೆಯಲ್ಲಿ ಕೂತಿದ್ದ. ಎಲ್ಲವನ್ನೂ ಹೇಳಿದೆ. ಅವನು ತಲೆ ಅಲ್ಲಾಡಿಸುತ್ತ ಕೇಳಿದ. ಮುಗಿದ ಮೇಲೂ ತೊಟ್ಟು ಮುರಿಯುತ್ತಲೇ ಇದ್ದ.

"ಅವ್ರು ಅಷ್ಟು ದೂರದಿಂದ ನಿನ್ನ ಶಾಲಿಗೆ ಬಂದಿದ್ರು" ಎಂದ ಕೊನೆಗೆ. "ಚಾ ಕುಡಿಸಿ ಕಳಿಸಿದಿ ಹೌದಿಲ್ಲೋ?"

"ಕುಡಿಸೀನಿ ಅಪ್ಪ."

"ಛಲೋ ಮಾಡಿದಿ" ಎಂದು ಮೊರವನ್ನು ನನ್ನ ಕಡೆಗೂ ಸರಿಸಿದ.